ಎಸ್‌ಎಂಟಿ ಪ್ರೊಸೆಸರ್ ಮೇಲೆ ಶೆಡ್ಯೂಲರ್ ಬೆಂಚ್‌ಮಾರ್ಕ್: ಥ್ರೆಡ್ ಎಲ್ಲಿ ಕೂತಿತ್ತು ಅಂತ ಮೊದಲು ನೋಡಿ

ಲಿನಕ್ಸ್‌ಗೆ ಹೊಸ ಶೆಡ್ಯೂಲರ್ (ಯಾವ ಥ್ರೆಡ್, ಅಂದರೆ ಕೆಲಸದ ಯಾವ ಎಳೆ, ಯಾವಾಗ ಯಾವ ಸಿಪಿಯುವಿನಲ್ಲಿ ಓಡಬೇಕು ಎಂದು ನಿರ್ಧರಿಸುವ ಕರ್ನಲ್‌ನ ಭಾಗ) ಬಂದಾಗಲೆಲ್ಲ ಗ್ರಾಫ್‌ಗಳ ಸುಗ್ಗಿ. 2007ರಲ್ಲಿ 2.6.23ರ ಜೊತೆ ಸಿಎಫ್‌ಎಸ್ ಬಂದಾಗಲೂ ಹೀಗೇ, 2023ರಲ್ಲಿ 6.6ರ ಜೊತೆ ಇಇವಿಡಿಎಫ್ ಬಂದಾಗಲೂ ಹೀಗೇ. 2024ರ ನವೆಂಬರ್‌ನಲ್ಲಿ 6.12ರೊಳಗೆ ಸ್ಕೆಡ್-ಎಕ್ಸ್‌ಟ್ ಸೇರಿದ ಮೇಲಂತೂ ಯಾರು ಬೇಕಾದರೂ ಶೆಡ್ಯೂಲರ್ ಬರೆದು, ಚಾಲೂ ಇರುವ ಕರ್ನಲ್‌ಗೇ ಲೋಡ್ ಮಾಡಿ ‘ನಮ್ಮದೇ ಮುಂದು’ ಅನ್ನಬಹುದು. ಆದರೆ ಈ ಗ್ರಾಫ್‌ಗಳಲ್ಲಿ ಹೆಚ್ಚಿನವು ಒಂದು ಮಾತು ಹೇಳುವುದೇ ಇಲ್ಲ. ಅಳತೆ ನಡೆಯುವಾಗ ಯಾವ ಥ್ರೆಡ್ ಯಾವ ಕೋರ್‌ನಲ್ಲಿತ್ತು, ಅದೇ ಕೋರ್‌ನ ಇನ್ನೊಂದು ಅರ್ಧದಲ್ಲಿ ಯಾರಿದ್ದರು? ಎಸ್‌ಎಂಟಿ (ಒಂದೇ ಕೋರ್‌ನಲ್ಲಿ ಏಕಕಾಲಕ್ಕೆ ಎರಡು ಅಥವಾ ಹೆಚ್ಚು ಥ್ರೆಡ್ ಓಡಿಸುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಇದು ಗೊತ್ತಿಲ್ಲದೆ ಬಂದ ಅಂಕಿ ಶೆಡ್ಯೂಲರ್‌ನ ಜಾಣತನ ತೋರಿಸುತ್ತಿದೆಯೋ, ಆ ಹೊತ್ತಿನ ಅದೃಷ್ಟವನ್ನೋ ಹೇಳಲಾಗದು.

ಕೆಳಗಿರುವ ಹಂತಗಳು ಲಿನಕ್ಸ್ ಬಳಸುವವರಿಗೆ. ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯವರಿಗೂ ಅಲ್ಲಲ್ಲಿ ಒಂದೆರಡು ಮಾತು ಇದೆ.

ಎರಡನೆಯ ಸಿಪಿಯು ಎರಡನೆಯ ಸಿಪಿಯು ಅಲ್ಲ

ಸೈಮಲ್ಟೇನಿಯಸ್ ಮಲ್ಟಿಥ್ರೆಡಿಂಗ್ (ಎಸ್‌ಎಂಟಿ) ಅನ್ನುವ ಹೆಸರಿನ ಕಲ್ಪನೆಯನ್ನು 1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸನ್, ಸೂಸನ್ ಎಗ್ಗರ್ಸ್, ಹೆನ್ರಿ ಲೆವಿ ಮಂಡಿಸಿದರು. ಇಂಟೆಲ್ ಅದನ್ನು ಹೈಪರ್-ಥ್ರೆಡಿಂಗ್ ಎಂದು ಕರೆದು 2002ರಲ್ಲಿ ಮೊದಲು ಝಿಯಾನ್‌ಗೆ, ಅದೇ ವರ್ಷದ ನವೆಂಬರ್‌ನಲ್ಲಿ 3.06 ಗಿಗಾಹರ್ಟ್ಸ್‌ನ ಪೆಂಟಿಯಂ 4ಕ್ಕೆ ತಂದಿತು. ಐಬಿಎಂ 2004ರ ಪವರ್5ರಲ್ಲಿ ಕೋರಿಗೆ ಎರಡು ಥ್ರೆಡ್ ಕೊಟ್ಟಿತು, 2014ರ ಪವರ್8ರ ಹೊತ್ತಿಗೆ ಎಂಟಕ್ಕೆ ಹೋಯಿತು. ಎಎಂಡಿ 2017ರ ಝೆನ್‌ನಿಂದ ಈ ದಾರಿಗೆ ಬಂತು. ಇಂಟೆಲ್ ಮಾತ್ರ 2024ರ ಲೂನಾರ್ ಲೇಕ್, ಆರೋ ಲೇಕ್ ಚಿಪ್‌ಗಳಲ್ಲಿ ಇದನ್ನು ಕೈಬಿಟ್ಟಿತು.

2002ರಲ್ಲಿ ಇಂಟೆಲ್ ಎಂಜಿನಿಯರ್‌ಗಳೇ ಬರೆದಿದ್ದ ಲೆಕ್ಕ ಹೀಗಿತ್ತು: ಚಿಪ್ಪಿನ ಗಾತ್ರ ಶೇ. 5ಕ್ಕಿಂತ ಕಡಿಮೆ ಹೆಚ್ಚುತ್ತದೆ, ಸರ್ವರ್ ಕೆಲಸಗಳಲ್ಲಿ ಲಾಭ ಶೇ. 30ರವರೆಗೆ. ನೂರಲ್ಲ, ಮೂವತ್ತು, ಅದೂ ‘ರವರೆಗೆ’. ಒಂದೇ ಒರಳಿಗೆ ಇಬ್ಬರು ಒನಕೆ ಹಿಡಿದು ಭತ್ತ ಕುಟ್ಟಿದ ಹಾಗೆ. ಒಬ್ಬೊಬ್ಬರ ಏಟು ನಿಧಾನವಾಗುತ್ತದೆ, ಒಟ್ಟು ಅಕ್ಕಿ ಮಾತ್ರ ಒಬ್ಬರೇ ಕುಟ್ಟಿದ್ದಕ್ಕಿಂತ ಹೆಚ್ಚು. ಲೆಕ್ಕ ಹಾಕುವ ಯೂನಿಟ್‌ಗಳು, ಎಲ್1 ಮತ್ತು ಎಲ್2 ಕ್ಯಾಶ್ (ಮೆಮೊರಿಯ ಮಾಹಿತಿಯನ್ನು ಹತ್ತಿರವೇ ಇಟ್ಟುಕೊಳ್ಳುವ ವೇಗದ ಜಾಗ), ಬ್ರಾಂಚ್ ಪ್ರಿಡಿಕ್ಟರ್ ಎಲ್ಲವೂ ಇಬ್ಬರಿಗೂ ಸೇರಿದ್ದು. ಹೈಪರ್-ಥ್ರೆಡಿಂಗ್‌ನಲ್ಲಿ ರೀಆರ್ಡರ್ ಬಫರ್, ಸ್ಟೋರ್ ಬಫರ್‌ನಂಥ ಕೆಲವನ್ನು ಇಬ್ಬರೂ ಎಚ್ಚರವಿದ್ದಾಗ ಅರ್ಧರ್ಧ ಹಂಚಲಾಗುತ್ತದೆ. ಒಬ್ಬರು ಮಲಗಿದರೆ ಪೂರ್ತಿ ಇನ್ನೊಬ್ಬರಿಗೆ.

ಆಪರೇಟಿಂಗ್ ಸಿಸ್ಟಮ್ ಮಾತ್ರ ಎರಡನ್ನೂ ಎರಡು ಸಿಪಿಯು ಎಂದೇ ಎಣಿಸುತ್ತದೆ. ಪೇಚಿಗೆ ಸಿಗುವುದು ಇಲ್ಲೇ.

ಹಂತ 1: ಯಾರ ಜೋಡಿ ಯಾರು?

ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಕಮಾಂಡನ್ನು ‘-ಇ’ ಆಯ್ಕೆಯೊಂದಿಗೆ ಓಡಿಸಿ. ಸಿಪಿಯು ಕಾಲಂನ ಪಕ್ಕ ಕೋರ್ ಕಾಲಂ ಇರುತ್ತದೆ. ಯಾವ ಎರಡು ಸಿಪಿಯುಗಳಿಗೆ ಒಂದೇ ಕೋರ್ ನಂಬರ್ ಇದೆಯೋ ಅವು ಜೋಡಿ. ಕರ್ನಲ್‌ನ ಮಾಹಿತಿ ಫೈಲ್‌ಗಳಾಗಿ ಕಾಣುವ ಸಿಸ್‌ಎಫ್‌ಎಸ್‌ನಲ್ಲಿ ಪ್ರತಿ ಸಿಪಿಯುವಿನ ಟೊಪಾಲಜಿ ಫೋಲ್ಡರ್ ಕೆಳಗೆ ಥ್ರೆಡ್-ಸಿಬ್ಲಿಂಗ್ಸ್-ಲಿಸ್ಟ್ ಎಂಬ ಫೈಲ್ ಕೂಡ ಇದನ್ನೇ ಹೇಳುತ್ತದೆ. ಚಿತ್ರವಾಗಿ ನೋಡಬೇಕೆಂದರೆ ಎಚ್‌ಡಬ್ಲ್ಯುಲಾಕ್ ಪ್ಯಾಕೇಜಿನ ಎಲ್‌ಎಸ್‌ಟೋಪೋ ಇದೆ. ಫ್ರೀಬಿಎಸ್‌ಡಿಯಲ್ಲಿ ಸಿಸ್‌ಕಂಟ್ರೋಲ್‌ನಿಂದ ಕರ್ನ್.ಸ್ಕೆಡ್.ಟೊಪಾಲಜಿ-ಸ್ಪೆಕ್ ಓದಿ.

ಇದು ಗೊತ್ತಿದ್ದದ್ದೇ ಅಂತ ಹಾರಿಸಬೇಡಿ. 8 ಕೋರ್, 16 ಥ್ರೆಡ್‌ನ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 0ಕ್ಕೆ 8 ಜೋಡಿ, 1ಕ್ಕೆ 9 ಜೋಡಿ. ಕೆಲವು ಯಂತ್ರಗಳಲ್ಲಿ 0ಕ್ಕೆ 1 ಜೋಡಿ, 2ಕ್ಕೆ 3 ಜೋಡಿ. ಕೆಲಸವನ್ನು ಇಂಥ ಸಿಪಿಯುಗಳಿಗೇ ಕಟ್ಟಿಹಾಕುವ ಟಾಸ್ಕ್‌ಸೆಟ್ ಕಮಾಂಡ್‌ಗೆ ‘0-7’ ಅಂತ ಕೊಟ್ಟರೆ ಮೊದಲ ಯಂತ್ರದಲ್ಲಿ ಎಂಟು ಪೂರ್ತಿ ಕೋರ್‌ಗಳು ಸಿಗುತ್ತವೆ, ಎರಡನೆಯದರಲ್ಲಿ ನಾಲ್ಕೇ. ಒಂದೇ ಸ್ಕ್ರಿಪ್ಟ್, ಎರಡು ಯಂತ್ರ, ಹೋಲಿಸಲಾಗದ ಎರಡು ಫಲಿತಾಂಶ.

ಹಲವು ಕೋರ್‌ಗಳು ಹಂಚಿಕೊಳ್ಳುವ ಎಲ್3 ಕ್ಯಾಶ್ ಎಷ್ಟು ತುಂಡಾಗಿದೆ ಎಂದೂ ನೋಡಿ. ರೈಜನ್ 9 5950ಎಕ್ಸ್‌ನಂಥ ಚಿಪ್‌ನಲ್ಲಿ 16 ಕೋರ್‌ಗಳು ಎಂಟೆಂಟರ ಎರಡು ಗುಂಪು, ಪ್ರತಿ ಗುಂಪಿಗೆ ಪ್ರತ್ಯೇಕ 32 ಎಂಬಿ ಎಲ್3. ಥ್ರೆಡ್ ಆ ಗಡಿ ದಾಟಿದ್ದರ ಪರಿಣಾಮ ಎಸ್‌ಎಂಟಿಯ ಪರಿಣಾಮವನ್ನೇ ಮುಚ್ಚಿಹಾಕಬಲ್ಲದು. ಇಂಟೆಲ್‌ನ ಆಲ್ಡರ್ ಲೇಕ್‌ನಂಥ ಮಿಶ್ರ ಚಿಪ್‌ಗಳಲ್ಲಿ ಇನ್ನೊಂದು ತೊಡಕು: ದೊಡ್ಡ ಪಿ-ಕೋರ್‌ಗಳಿಗೆ ಜೋಡಿ ಇದೆ, ಸಣ್ಣ ಇ-ಕೋರ್‌ಗಳಿಗೆ ಇಲ್ಲ. ಅಲ್ಲಿ ಶೆಡ್ಯೂಲರ್‌ನ ಮುಂದಿರುವ ಪ್ರಶ್ನೆಯೇ ಬೇರೆ. ಪಿ-ಕೋರ್‌ಗಳೆಲ್ಲ ತುಂಬಿದ ಮೇಲೆ ಮುಂದಿನ ಥ್ರೆಡ್ ಇ-ಕೋರ್‌ಗೆ ಹೋಗಬೇಕೋ, ಪಿ-ಕೋರ್‌ನ ಖಾಲಿ ಅರ್ಧಕ್ಕೋ? ಒಳ್ಳೆಯ ಪ್ರಶ್ನೆ, ಆದರೆ ಮೊದಲ ದಿನಕ್ಕಲ್ಲ. ಕೆಲಸಗಳನ್ನು ಗುಂಪು ಕಟ್ಟಿ ಸಂಪನ್ಮೂಲ ಹಂಚುವ ಸಿಗ್ರೂಪ್‌ನ ಸಿಪಿಯುಸೆಟ್ ಪಾರ್ಟಿಶನ್ ಬಳಸಿ ಒಂದೇ ಬಗೆಯ ಕೋರ್‌ಗಳ, ಒಂದೇ ಎಲ್3ಯ ಒಂದು ಗುಂಪನ್ನು ಪ್ರತ್ಯೇಕಿಸಿ, ಪರೀಕ್ಷೆಯನ್ನು ಅದರೊಳಗೆ ಇಟ್ಟುಕೊಳ್ಳಿ.

ಇಲ್ಲಿ ಒಂದು ಬಲೆ ಇದೆ. ಬೆಂಚ್‌ಮಾರ್ಕ್ ಅಂದ ಕೂಡಲೇ ಹಲವರು ಐಸೊಲ್‌ಸಿಪಿಯುಸ್ ಬೂಟ್ ಆಯ್ಕೆ ಹಾಕುತ್ತಾರೆ. ಅದು ಆ ಸಿಪಿಯುಗಳನ್ನು ಶೆಡ್ಯೂಲರ್‌ನ ಲೋಡ್ ಬ್ಯಾಲೆನ್ಸಿಂಗ್‌ನಿಂದಲೇ ಹೊರಗಿಡುತ್ತದೆ. ಶೆಡ್ಯೂಲರನ್ನು ಮನೆಗೆ ಕಳಿಸಿ ಅದರ ಕೆಲಸ ಅಳೆದಂತಾಗುತ್ತದೆ.

ಹಂತ 2: ಗದ್ದಲ ತಗ್ಗಿಸಿ

ಫ್ರೀಕ್ವೆನ್ಸಿ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಹಾಕಿ. ಟರ್ಬೊ (ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುವುದು) ನಿಲ್ಲಿಸಿ: ಇಂಟೆಲ್-ಪಿಸ್ಟೇಟ್ ಫೋಲ್ಡರ್‌ನ ನೋ-ಟರ್ಬೊ ಫೈಲ್‌ಗೆ 1, ಇಲ್ಲವೇ ಸಿಪಿಯುಫ್ರೀಕ್ ಫೋಲ್ಡರ್‌ನ ಬೂಸ್ಟ್ ಫೈಲ್‌ಗೆ 0. ಟರ್ಬೊ ಬಿಟ್ಟರೆ ಏನಾಗುತ್ತದೆ? ನಾಲ್ಕು ಕೋರ್‌ಗಳಲ್ಲಿ ನಾಲ್ಕು ಥ್ರೆಡ್ ಹರಡಿದಾಗ ಒಂದು ವೇಗ, ಎರಡು ಕೋರ್‌ಗಳಲ್ಲಿ ಜೋಡಿ ಜೋಡಿಯಾಗಿ ಒತ್ತಿದಾಗ ಇನ್ನೊಂದು. ಶೆಡ್ಯೂಲರ್‌ನ ನಿರ್ಧಾರಕ್ಕೂ ಗಡಿಯಾರದ ವೇಗಕ್ಕೂ ಗಂಟು ಬೀಳುತ್ತದೆ, ಬಿಡಿಸಲು ಬರುವುದಿಲ್ಲ. ಟರ್ಬೊ ಇಲ್ಲದೆ ಎಲ್ಲ ಮುಗಿದ ಮೇಲೆ ಟರ್ಬೊ ಹಾಕಿ ಮತ್ತೊಮ್ಮೆ ಓಡಿಸಿ, ಏಕೆಂದರೆ ಜನ ನಿಜಕ್ಕೂ ಬಳಸುವುದು ಹಾಗೆಯೇ. ಎರಡನ್ನೂ ಬೇರೆ ಬೇರೆ ಬರೆದಿಡಿ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಬಿಸಿಯ ಮೇಲೆ ಕಣ್ಣಿಡಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಓಡಿಸಿದ್ದಕ್ಕೂ ರಾತ್ರಿ ಓಡಿಸಿದ್ದಕ್ಕೂ ಬರುವ ವ್ಯತ್ಯಾಸ ಎಷ್ಟೋ ಸಲ ಎರಡು ಶೆಡ್ಯೂಲರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿರುತ್ತದೆ. ಟರ್ಬೊಸ್ಟಾಟ್ ಹಿನ್ನೆಲೆಯಲ್ಲಿ ಐದು ಸೆಕೆಂಡಿಗೊಮ್ಮೆ ವೇಗ ಮತ್ತು ತಾಪ ಬರೆಯುತ್ತಿರಲಿ.

ಆಟೋಗ್ರೂಪ್ ಅನ್ನುವುದೊಂದಿದೆ, 2011ರ 2.6.38ರಿಂದ. ಅದು ಟರ್ಮಿನಲ್ ಸೆಶನ್‌ಗೆ ಒಂದರಂತೆ ಗುಂಪು ಕಟ್ಟಿ ಸಿಪಿಯು ಸಮಯವನ್ನು ಗುಂಪುಗಳ ನಡುವೆ ಹಂಚುತ್ತದೆ. ಎರಡು ಕೆಲಸಗಳನ್ನು ಒಂದೇ ಟರ್ಮಿನಲ್‌ನಿಂದ ಶುರು ಮಾಡಿದರೆ ಒಂದು ಫಲಿತಾಂಶ, ಎರಡು ಟರ್ಮಿನಲ್‌ನಿಂದಾದರೆ ಇನ್ನೊಂದು. ಪ್ರಾಕ್ ಕೆಳಗಿನ ಸ್ಕೆಡ್-ಆಟೋಗ್ರೂಪ್-ಎನೇಬಲ್ಡ್ ಫೈಲ್‌ಗೆ 0 ಬರೆದು ಅದನ್ನು ಆಫ್ ಮಾಡಿ, ಇಲ್ಲವೇ ಎಲ್ಲವನ್ನೂ ಒಂದೇ ಸ್ಕ್ರಿಪ್ಟ್‌ನಿಂದ ಹೊರಡಿಸಿ.

ಬಾಡಿಗೆಯ ವರ್ಚುವಲ್ ಯಂತ್ರದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಬಹುತೇಕ ಎಕ್ಸ್86 ಯಂತ್ರಗಳಲ್ಲಿ ಒಂದು ವಿಸಿಪಿಯು (ವರ್ಚುವಲ್ ಸಿಪಿಯು) ಅಂದರೆ ಒಂದು ಥ್ರೆಡ್, ಅರ್ಧ ಕೋರ್. ಅಮೆಜಾನ್‌ನದೇ ಚಿಪ್ ಗ್ರಾವಿಟಾನ್‌ನಲ್ಲಿ ಅದೇ ಪದಕ್ಕೆ ಪೂರ್ತಿ ಕೋರ್. ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ಜೋಡಿ ಯಾವುದೆಂದು ಒಳಗಿನ ಕರ್ನಲ್‌ಗೆ ನಿಜ ಹೇಳದಿದ್ದರೆ ಯಾವ ಶೆಡ್ಯೂಲರ್ ತಾನೇ ಏನು ಮಾಡೀತು.

ಹಂತ 3: ನೆಲ ಮತ್ತು ಚಾವಣಿ ಗುರುತಿಸಿ

ಈ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ. ಶೆಡ್ಯೂಲರ್‌ಗೆ ಯಾವ ಆಯ್ಕೆಯನ್ನೂ ಬಿಡದೆ, ಥ್ರೆಡ್‌ಗಳನ್ನು ನೀವೇ ಟಾಸ್ಕ್‌ಸೆಟ್‌ನಿಂದ ಕೂರಿಸಿ ಮೂರು ಅಳತೆ ತೆಗೆಯಿರಿ:

1. ಕೆಲಸದ ಒಂದು ಪ್ರತಿ ಮಾತ್ರ, ಅದರ ಜೋಡಿ ಖಾಲಿ.
2. ಎರಡು ಪ್ರತಿ, ಎರಡು ಬೇರೆ ಕೋರ್‌ಗಳಲ್ಲಿ.
3. ಎರಡು ಪ್ರತಿ, ಒಂದೇ ಕೋರ್‌ನ ಎರಡು ಅರ್ಧಗಳಲ್ಲಿ.

ಉದಾಹರಣೆಗೆ ಮೊದಲನೆಯದಕ್ಕೆ 10 ಸೆಕೆಂಡ್, ಎರಡನೆಯದಕ್ಕೂ ಹತ್ತಿರ ಹತ್ತಿರ 10, ಮೂರನೆಯದರಲ್ಲಿ ಎರಡೂ ಪ್ರತಿ ಮುಗಿಯಲು 16 ಸೆಕೆಂಡ್ ಹಿಡಿಯಿತು ಅನ್ನಿ. ಒಂದಾದ ಮೇಲೊಂದು ಓಡಿಸಿದ್ದರೆ 20 ಆಗುತ್ತಿತ್ತು. ಅಂದರೆ ಈ ಕೆಲಸಕ್ಕೆ ಎಸ್‌ಎಂಟಿಯ ಇಳುವರಿ 20 ಭಾಗಿಸು 16, ಅಂದರೆ 1.25. ಇನ್ನೊಂದು ಬದಿಯಿಂದ ನೋಡಿದರೆ, ಜೊತೆಗಾರ ಬಂದಾಗ ಒಂದೊಂದು ಥ್ರೆಡ್‌ಗೆ 1.6 ಪಟ್ಟು ಕಾಲ. ಯಾವ ಶೆಡ್ಯೂಲರ್ ಹಾಕಿದರೂ ಈ ಎರಡು ಥ್ರೆಡ್‌ಗಳ ಫಲಿತಾಂಶ 10ಕ್ಕೂ 16ಕ್ಕೂ ನಡುವೆ ಎಲ್ಲೋ ಬೀಳಬೇಕು. 10ರ ಹತ್ತಿರ ಬಂದರೆ ಅದು ಹರಡಿ ಕೂರಿಸುತ್ತಿದೆ, 16ರ ಹತ್ತಿರ ಬಂದರೆ ಒತ್ತಿ ಕೂರಿಸುತ್ತಿದೆ. 17 ಬಂದರೆ ಬೇರೇನೋ ಎಡವಟ್ಟಾಗಿದೆ, ಮುಂದೆ ಹೋಗಬೇಡಿ.

ಇದನ್ನು ಕನಿಷ್ಠ ಎರಡು ಬಗೆಯ ಕೆಲಸಕ್ಕೆ ಮಾಡಿ. ಒಂದು, ರಿಜಿಸ್ಟರ್‌ಗಳೊಳಗೇ ಸುತ್ತುವ ಬಿಗಿಯಾದ ಲೆಕ್ಕದ ಲೂಪ್. ಇನ್ನೊಂದು, ಎಲ್3ಗಿಂತ ದೊಡ್ಡ ಅರೇಯಲ್ಲಿ ಅಡ್ಡಾದಿಡ್ಡಿ ಹೆಣೆದ ಸರಪಳಿಯನ್ನು ಒಂದೊಂದೇ ಕೊಂಡಿ ಹಿಡಿದು ಹಿಂಬಾಲಿಸುವ ಪಾಯಿಂಟರ್ ಓಟ. ಮೊದಲನೆಯದರಲ್ಲಿ ಯೂನಿಟ್‌ಗಳಿಗಾಗಿ ಜಗಳ, ಇಳುವರಿ 1ಕ್ಕೆ ಹತ್ತಿರ ಬರಬಹುದು. ಎರಡನೆಯದರಲ್ಲಿ ಪ್ರತಿ ಥ್ರೆಡ್ ಬಹುಪಾಲು ಹೊತ್ತು ಮೆಮೊರಿಗಾಗಿ ಕಾಯುತ್ತಾ ಕೂತಿರುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಬಂದರೂ ಅಷ್ಟೇನೂ ನಷ್ಟವಿಲ್ಲ, ಇಳುವರಿ 2ರ ಕಡೆಗೆ ಏರುತ್ತದೆ. ಸರಪಳಿ ಓಟದಲ್ಲಿ ಎರಡು ಶೆಡ್ಯೂಲರ್‌ಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ ಅಂದರೆ ಅವು ಸಮ ಅಂತಲ್ಲ. ಆ ಕೆಲಸಕ್ಕೆ ಎಲ್ಲಿ ಕೂತರೂ ಒಂದೇ, ಅಷ್ಟೇ ಅರ್ಥ.

ಹಂತ 4: ಅರ್ಧ ತುಂಬಿದ ಯಂತ್ರವೇ ನಿಜವಾದ ಪರೀಕ್ಷೆ

ಒಂದೇ ಥ್ರೆಡ್ ಇದ್ದರೆ ಎಲ್ಲಿ ಕೂರಿಸಿದರೂ ನಡೆಯುತ್ತದೆ. 16 ಲಾಜಿಕಲ್ ಸಿಪಿಯುಗಳಿಗೆ 32 ಥ್ರೆಡ್ ಸುರಿದರೆ ಎಲ್ಲ ಕುರ್ಚಿಗಳೂ ತುಂಬಿ ಜಾಗದ ಪ್ರಶ್ನೆಯೇ ಉಳಿಯುವುದಿಲ್ಲ. ಶೆಡ್ಯೂಲರ್‌ನ ಬಂಡವಾಳ ಬಯಲಾಗುವುದು ಥ್ರೆಡ್‌ಗಳ ಸಂಖ್ಯೆ ನಿಜವಾದ ಕೋರ್‌ಗಳ ಸಂಖ್ಯೆಯ ಆಚೀಚೆ ಇದ್ದಾಗ. 8 ಕೋರ್‌ನ ಯಂತ್ರವಾದರೆ 1, 4, 6, 7, 8, 9, 10, 12, 16, 24 ಹೀಗೆ ಅಳೆಯಿರಿ. 7, 8, 9ಕ್ಕೆ ಹೆಚ್ಚು ಸಲ.

ಸರಿಯಾಗಿ 8 ಥ್ರೆಡ್ ಇದ್ದಾಗ ಉತ್ತರ ಒಂದೇ: ಕೋರಿಗೊಂದು. ಎಲ್ಲೋ ಒಂದು ಕಡೆ ಎರಡು ಜೊತೆಯಾದವು ಅಂದರೆ ಇನ್ನೊಂದು ಕಡೆ ಒಂದು ಕೋರ್ ಪೂರ್ತಿ ಖಾಲಿ. ಲಿನಕ್ಸ್‌ನಲ್ಲಿ ಎಚ್ಚರಗೊಂಡ ಥ್ರೆಡ್‌ಗೆ ಜಾಗ ಹುಡುಕುವ ಕೋಡ್ ಮೊದಲು ಪೂರ್ತಿ ಖಾಲಿ ಕೋರ್ ಸಿಗುತ್ತದೆಯೇ ನೋಡುತ್ತದೆ, ಸಿಗದಿದ್ದರೆ ಖಾಲಿ ಅರ್ಧಕ್ಕೆ ತೃಪ್ತಿಪಡುತ್ತದೆ. ಹುಡುಕಾಟಕ್ಕೂ ಸಮಯ ಬೇಕಲ್ಲ, ಹಾಗಾಗಿ ಅದು ಒಮ್ಮೊಮ್ಮೆ ಬೇಗ ಕೈಚೆಲ್ಲುತ್ತದೆ. ಇದನ್ನು ಎತ್ತಿ ತೋರಿಸಲು ಪ್ರತಿ ಸುತ್ತಿನ ಕೊನೆಗೆ ಎಲ್ಲ ಥ್ರೆಡ್‌ಗಳೂ ಒಬ್ಬರಿಗೊಬ್ಬರು ಕಾಯುವ ಬ್ಯಾರಿಯರ್ ಇರುವ ಪ್ರೋಗ್ರಾಂ ಬಳಸಿ. ಒಂದೇ ಒಂದು ಜೋಡಿ ಕೆಟ್ಟದಾಗಿ ಕೂತರೂ ಉಳಿದ ಆರು ಥ್ರೆಡ್‌ಗಳು ಅವಕ್ಕಾಗಿ ಕಾಯಬೇಕು. ಮೇಲಿನ ಉದಾಹರಣೆಯ ಕೆಲಸವಾದರೆ ಇಡೀ ಸುತ್ತು 10ರಿಂದ 16ಕ್ಕೆ ಹಾರುತ್ತದೆ.

9 ಥ್ರೆಡ್ ಇದಕ್ಕಿಂತ ಮಜಾ. ಒಂದು ಜೋಡಿ ಅನಿವಾರ್ಯ. ಟಾಪ್ ತೆರೆದು ನೋಡಿದರೆ ಒಂಬತ್ತೂ ಥ್ರೆಡ್‌ಗಳಿಗೆ ಶೇ. 100 ಸಿಪಿಯು, ಯಾರೂ ಸರದಿಯಲ್ಲಿ ಕಾಯುತ್ತಿಲ್ಲ. ಶೆಡ್ಯೂಲರ್‌ನ ಪುಸ್ತಕದಲ್ಲಿ ಇದು ಪರಿಪೂರ್ಣ ನ್ಯಾಯ. ಆದರೆ ಒಂದೇ ಕೋರ್‌ನಲ್ಲಿರುವ ಆ ಎರಡು ಥ್ರೆಡ್‌ಗಳು ಗಂಟೆಗಟ್ಟಲೆ ಉಳಿದ ಏಳಕ್ಕಿಂತ ಕಡಿಮೆ ಕೆಲಸ ಮಾಡುತ್ತಿರಬಹುದು. ಯಾರೂ ಕಾಯುತ್ತಿಲ್ಲವಾದ್ದರಿಂದ ಲೋಡ್ ಬ್ಯಾಲೆನ್ಸರ್‌ಗೆ ಅವನ್ನು ಅದಲು ಬದಲು ಮಾಡಲು ಕಾರಣವೇ ಕಾಣುವುದಿಲ್ಲ. ಪ್ರತಿ ಥ್ರೆಡ್ ಎಷ್ಟು ಸುತ್ತು ಮುಗಿಸಿತು ಎಂದು ಎಣಿಸಿ, ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅನುಪಾತ ಬರೆದಿಡಿ. ಎರಡು ಶೆಡ್ಯೂಲರ್‌ಗಳ ಸ್ವಭಾವ ಇಷ್ಟು ಚೆನ್ನಾಗಿ ತೋರಿಸುವ ಅಂಕಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಇದರಿಂದಲೇ ಇನ್ನೊಂದು ಎಚ್ಚರಿಕೆ ಹೊರಡುತ್ತದೆ: ಸಿಪಿಯು ಟೈಮ್ ನಂಬಬೇಡಿ. ಟೈಮ್ ಕಮಾಂಡ್ ಜೊತೆ ಕರ್ನಲ್ ಕಂಪೈಲ್ ಮಾಡಿ ನೋಡಿ, ಮೊದಲು ‘-ಜೆ 8’, ಆಮೇಲೆ ‘-ಜೆ 16’. ಎರಡನೆಯ ಸಲ ರಿಯಲ್ (ಗಡಿಯಾರದ ಸಮಯ) ಇಳಿಯುತ್ತದೆ, ಯೂಸರ್ (ಸಿಪಿಯು ಟೈಮ್) ಏರುತ್ತದೆ. ಕಂಪೈಲ್ ಆದ ಫೈಲ್‌ಗಳು ಅವೇ, ಕೆಲಸ ಒಂದಿಷ್ಟೂ ಹೆಚ್ಚಿಲ್ಲ. ಅರ್ಧ ಕೋರ್‌ನಲ್ಲಿ ಕಳೆದ ಸೆಕೆಂಡನ್ನೂ ಪೂರ್ತಿ ಸೆಕೆಂಡ್ ಅಂತ ಬರೆದುಕೊಂಡಿದ್ದಕ್ಕೆ ಹಾಗಾಯಿತು. ಐಬಿಎಂ ತನ್ನ ಪವರ್ ಚಿಪ್‌ಗಳಲ್ಲಿ ಇದಕ್ಕೆಂದೇ ಪಿಯುಆರ್‌ಆರ್ ಎಂಬ ರಿಜಿಸ್ಟರ್ ಇಟ್ಟಿದೆ, ಕೋರ್‌ನಲ್ಲಿ ಯಾರ ಪಾಲು ಎಷ್ಟು ಎಂದು ಅದು ಹೇಳುತ್ತದೆ. ನಮ್ಮ ಮೇಜಿನ ಮೇಲಿನ ಯಂತ್ರಗಳಲ್ಲಿ ಆ ಭಾಗ್ಯವಿಲ್ಲ. ಹಾಗಾಗಿ ಗೋಡೆ ಗಡಿಯಾರದ ಸಮಯ ಮತ್ತು ಮುಗಿದ ಕೆಲಸ, ಇವೆರಡನ್ನೇ ಅಳೆಯಿರಿ. ಯಂತ್ರ ‘ಶೇ. 50 ಬಿಡುವಾಗಿದೆ’ ಅಂದಾಗಲೂ ಇದೇ ಮಾತು. ಎಂಟೂ ಕೋರ್‌ಗಳಲ್ಲಿ ಒಂದೊಂದು ಥ್ರೆಡ್ ಓಡುತ್ತಿದ್ದರೆ ಉಳಿದಿರುವುದು ಇನ್ನೊಂದು ಯಂತ್ರದಷ್ಟು ಬಲವಲ್ಲ, ಹಂತ 3ರಲ್ಲಿ ಸಿಕ್ಕ 0.25ರಷ್ಟು.

ಹಂತ 5: ನೈಸ್ 19 ಎಷ್ಟು ನೈಸ್?

ನೈಸ್ ಅಂದರೆ ಕೆಲಸದ ಆದ್ಯತೆಯ ಅಂಕಿ: 0 ಸಾಮಾನ್ಯ, 19 ಅತಿ ಕಡಿಮೆ ಆದ್ಯತೆ. ಇದು ಹತ್ತು ನಿಮಿಷದ ಪ್ರಯೋಗ. ಮುಖ್ಯ ಕೆಲಸವೊಂದನ್ನು ಸಾಮಾನ್ಯ ಆದ್ಯತೆಯಲ್ಲಿ ಸಿಪಿಯು 2ಕ್ಕೆ ಕಟ್ಟಿ, ಸಮಯ ನೋಡಿ. ಆಮೇಲೆ ನೈಸ್ 19ರಲ್ಲಿ ಒಂದು ಬಕಾಸುರ ಲೂಪನ್ನು ಅದೇ ಸಿಪಿಯು 2ಕ್ಕೆ ಕಟ್ಟಿ ಮತ್ತೆ ನೋಡಿ. ಮುಖ್ಯ ಕೆಲಸಕ್ಕೆ ಹೆಚ್ಚೇನೂ ಆಗುವುದಿಲ್ಲ, ಶೇ. 98ಕ್ಕೂ ಹೆಚ್ಚು ಸಮಯ ಅದಕ್ಕೇ ಸಿಗುತ್ತದೆ. ಈಗ ಆ ಲೂಪನ್ನು ಸಿಪಿಯು 2ರ ಜೋಡಿಗೆ ಸರಿಸಿ. ಮುಖ್ಯ ಕೆಲಸ ತಟ್ಟನೆ ನಿಧಾನವಾಗುತ್ತದೆ, ಪಕ್ಕದಲ್ಲಿರುವುದು ನೈಸ್ 0 ಆಗಿದ್ದರೆ ಎಷ್ಟು ನಿಧಾನವಾಗುತ್ತಿತ್ತೋ ಅಷ್ಟೇ.

ಕಾರಣ ಸರಳ. ನೈಸ್ ಮೌಲ್ಯ ಕೆಲಸ ಮಾಡುವುದು ಒಂದು ಸಿಪಿಯುವಿನ ಸರದಿಯೊಳಗೆ. ಪಕ್ಕದ ಸರದಿಯಲ್ಲಿ ಒಬ್ಬನೇ ಇದ್ದರೆ ಅವನಿಗೆ ಅಲ್ಲಿ ಪೂರ್ತಿ ಸಮಯ, ಹಾರ್ಡ್‌ವೇರ್‌ಗೆ ನೈಸ್ ಅಂದರೆ ಏನೆಂದೇ ಗೊತ್ತಿಲ್ಲ. ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ ಇದಕ್ಕೆ ಎಸ್‌ಎಂಟಿ ನೈಸ್ ಎಂಬ ಪರಿಹಾರ ಹೂಡಿದರು: ಕಡಿಮೆ ಆದ್ಯತೆಯದನ್ನು ಪಕ್ಕದಲ್ಲಿ ಬೇಕಂತಲೇ ಆಗಾಗ ಕೂಡಿಹಾಕುವುದು. ಅದು ಕೆಲಕಾಲ 2.6 ಕರ್ನಲ್‌ನಲ್ಲಿತ್ತು, 2007ರಲ್ಲಿ ಹೊರಬಿತ್ತು, ಮುಂದೆ ಅವರದೇ ಬಿಎಫ್‌ಎಸ್, ಮಕ್ಸ್ ಶೆಡ್ಯೂಲರ್‌ಗಳಲ್ಲಿ ಮರಳಿ ಬಂತು. ವೃತ್ತಿಯಿಂದ ಅವರು ಅರಿವಳಿಕೆ ವೈದ್ಯರು. ಯಾರನ್ನು ಎಷ್ಟು ಹೊತ್ತು ಮಲಗಿಸಬೇಕು ಅನ್ನುವ ಲೆಕ್ಕ ಅವರಿಗೆ ಕರಗತವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡೂ ಶೆಡ್ಯೂಲರ್‌ಗಳಲ್ಲಿ ಇದನ್ನು ಕಟ್ಟದೆಯೂ ಓಡಿಸಿ: 8 ಮುಖ್ಯ ಥ್ರೆಡ್, 8 ನೈಸ್ 19 ಥ್ರೆಡ್. ಹಿನ್ನೆಲೆಯ ಕಂಪೈಲ್ ನಡೆಯುವಾಗ ಮುಂದಿನ ಕೆಲಸ ಯಾಕೆ ತೆವಳುತ್ತದೆ ಎಂಬ ಹಳೆಯ ದೂರಿಗೆ ಉತ್ತರ ಬಹುಮಟ್ಟಿಗೆ ಇಲ್ಲೇ ಸಿಗುತ್ತದೆ.

ಹಂತ 6: ಮಾತಾಡಿಕೊಳ್ಳುವ ಥ್ರೆಡ್‌ಗಳು

ಇಲ್ಲಿಯವರೆಗೆ ಹರಡಿ ಕೂರಿಸುವುದೇ ಒಳ್ಳೆಯದು ಅಂತ ಕಂಡಿತು. ಲಿನಕ್ಸ್‌ನ ಅಳತೆಯ ಸಾಧನ ಪರ್ಫ್‌ನಲ್ಲಿರುವ ಪರ್ಫ್ ಬೆಂಚ್‌ನ ಸ್ಕೆಡ್ ಪೈಪ್ ಪರೀಕ್ಷೆ ಓಡಿಸಿದರೆ ಚಿತ್ರ ತಿರುಗುತ್ತದೆ. ಎರಡು ಕೆಲಸಗಳು ಪೈಪ್ ಮೂಲಕ ಹತ್ತು ಲಕ್ಷ ಸಲ ಮಾತು ಎಸೆದು ಹಿಡಿಯುತ್ತವೆ, ಒಬ್ಬ ಎಚ್ಚರವಿದ್ದಾಗ ಇನ್ನೊಬ್ಬ ಮಲಗಿರುತ್ತಾನೆ. ಯೂನಿಟ್‌ಗಳಿಗಾಗಿ ಜಗಳವೇ ಇಲ್ಲ, ಸಂದೇಶ ಹಂಚಿಕೊಂಡ ಎಲ್1ರಲ್ಲೇ ಇರುತ್ತದೆ. ಒಂದೇ ಸಿಪಿಯುವಿನಲ್ಲಿ, ಒಂದೇ ಕೋರ್‌ನ ಜೋಡಿಗಳಲ್ಲಿ, ಎರಡು ಕೋರ್‌ಗಳಲ್ಲಿ, ಎರಡು ಎಲ್3 ಗುಂಪುಗಳಲ್ಲಿ ಹೀಗೆ ನಾಲ್ಕು ಸಲ ಕಟ್ಟಿ ಓಡಿಸಿ, ಆಮೇಲೆ ಕಟ್ಟದೆ ಓಡಿಸಿ. ಲೆಕ್ಕದ ಲೂಪ್‌ನಲ್ಲಿ ಗೆದ್ದ ಶೆಡ್ಯೂಲರ್ ಇಲ್ಲಿ ಸೋಲಬಹುದು, ಎರಡೂ ಅದರ ಒಂದೇ ಗುಣದಿಂದಲೇ.

ಗುಂಪು ಗುಂಪು ಕೆಲಸಗಳ ನಡುವೆ ಸಂದೇಶ ಓಡಾಡಿಸುವ ಹ್ಯಾಕ್‌ಬೆಂಚ್ ಎಲ್ಲರ ಅಚ್ಚುಮೆಚ್ಚು. ಆದರೆ ಅದನ್ನು ಹಾಗೇ ಓಡಿಸಿದರೆ 10 ಗುಂಪು, ಗುಂಪಿಗೆ 40, ಒಟ್ಟು 400 ಕೆಲಸಗಳು ಹುಟ್ಟುತ್ತವೆ. 16 ಸಿಪಿಯುಗಳ ಯಂತ್ರ ಅದರಲ್ಲಿ ಮುಳುಗಿಹೋಗುತ್ತದೆ. ಜಾಗದ ಆಯ್ಕೆ ಅಳೆಯಬೇಕಾದರೆ ಒಂದೇ ಗುಂಪು, ಕೆಲವೇ ಕಳಿಸುವವರು ಸಾಕು.

ತಡ ಅಳೆಯಲು ಕ್ರಿಸ್ ಮೇಸನ್ ಬರೆದ ಎಸ್‌ಸಿಎಚ್‌ಬೆಂಚ್ ಬಳಸಿ. ಅದರ ಹೊಸ ಆವೃತ್ತಿಗಳು ಎರಡು ಬೇರೆ ಅಂಕಿ ಕೊಡುತ್ತವೆ: ಎಬ್ಬಿಸಿದ ಮೇಲೆ ಓಡಲು ಶುರುವಾಗುವವರೆಗಿನ ತಡ, ಮತ್ತು ಒಂದು ಕೋರಿಕೆ ಪೂರ್ತಿ ಮುಗಿಯಲು ಹಿಡಿದ ಕಾಲ. ಎಸ್‌ಎಂಟಿಯಲ್ಲಿ ಇವೆರಡೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಖಾಲಿ ಅರ್ಧಕ್ಕೆ ತಕ್ಷಣ ದೂಡಿದರೆ ಎಚ್ಚರದ ತಡ ಚಿಕ್ಕದು, ಆದರೆ ಅಲ್ಲಿ ಕೆಲಸ ನಿಧಾನ. ಬರೀ ಮೊದಲ ಅಂಕಿ ತೋರಿಸುವ ಗ್ರಾಫ್ ನೋಡಿದರೆ ಎರಡನೆಯದು ಎಲ್ಲಿ ಅಂತ ಕೇಳಿ. ಸರಾಸರಿ ಬಿಟ್ಟು 99 ಮತ್ತು 99.9ನೆಯ ಪರ್ಸೆಂಟೈಲ್ ಬರೆದಿಡಿ.

ಹಂತ 7: ಎಲ್ಲಿ ಕೂತಿತ್ತು ಅನ್ನುವುದಕ್ಕೆ ಸಾಕ್ಷಿ

ಪಿಎಸ್ ಕಮಾಂಡ್‌ನಲ್ಲಿ ಪಿಎಸ್‌ಆರ್ ಎಂಬ ಕಾಲಂ ಇದೆ, ಥ್ರೆಡ್ ಕೊನೆಯದಾಗಿ ಓಡಿದ ಸಿಪಿಯು ಅದು. ಅದೇ ಮಾಹಿತಿ ಪ್ರಾಕ್‌ನ ಸ್ಟಾಟ್ ಫೈಲ್‌ನ 39ನೆಯ ಅಂಕಣದಲ್ಲೂ ಇರುತ್ತದೆ. ಸೆಕೆಂಡಿಗೆ ಹತ್ತಾರು ಸಲ ಅದನ್ನು ಓದಿ, ಓಡುತ್ತಿರುವ ಥ್ರೆಡ್‌ಗಳಲ್ಲಿ ಎಷ್ಟು ಜೋಡಿಯಾಗಿವೆ ಎಂದು ಎಣಿಸುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆಯಿರಿ. ಓಟದ ಒಟ್ಟು ಸಮಯದಲ್ಲಿ ಎಷ್ಟು ಪಾಲು ಜೊತೆವಾಸ ಇತ್ತು ಎಂಬುದೇ ನಿಮ್ಮ ಎಲ್ಲ ಫಲಿತಾಂಶಗಳ ಪಕ್ಕ ನಿಲ್ಲಬೇಕಾದ ಅಂಕಿ. ಹೆಚ್ಚು ನಿಖರತೆ ಬೇಕಾದರೆ ಪರ್ಫ್ ಸ್ಕೆಡ್‌ನ ರೆಕಾರ್ಡ್ ಮತ್ತು ಟೈಮ್‌ಹಿಸ್ಟ್ ಇವೆ. ಪ್ರತಿ ಸ್ವಿಚ್ಚನ್ನೂ ಬರೆದುಕೊಳ್ಳುವುದರಿಂದ ಅವು ಯಂತ್ರಕ್ಕೆ ಭಾರ. ಸಮಯ ಅಳೆಯುವ ಓಟವನ್ನೂ ಜಾಡು ಹಿಡಿಯುವ ಓಟವನ್ನೂ ಬೇರೆಯಾಗಿಡಿ. ಸಮಯದ ಓಟಕ್ಕೆ ಪರ್ಫ್ ಸ್ಟಾಟ್‌ನ ಕಾಂಟೆಕ್ಸ್ಟ್-ಸ್ವಿಚಸ್, ಸಿಪಿಯು-ಮೈಗ್ರೇಶನ್ಸ್ ಎಣಿಕೆ ಸಾಕು.

ಹಂತ 8: ಶೆಡ್ಯೂಲರ್ ಮಾತ್ರ ಬದಲಿಸಿ

ಕರ್ನಲ್ 6.5ನ್ನು 6.6ಕ್ಕೆ ಹೋಲಿಸಿ ಸಿಎಫ್‌ಎಸ್‌ಗೂ ಇಇವಿಡಿಎಫ್‌ಗೂ ತೀರ್ಪು ಕೊಡುವುದು ನ್ಯಾಯವಲ್ಲ, ನಡುವೆ ಬದಲಾದದ್ದು ಸಾವಿರಾರು. ಲಿನಕ್ಸನ್ನು ಫ್ರೀಬಿಎಸ್‌ಡಿಗೆ ಹೋಲಿಸಿದರೆ ಲೈಬ್ರರಿ, ಮೆಮೊರಿ ಹಂಚಿಕೆ, ಫೈಲ್ ಸಿಸ್ಟಮ್ ಎಲ್ಲವೂ ಬೇರೆ. 2018ರಲ್ಲಿ ಸಂಶೋಧಕರ ತಂಡವೊಂದು ಯುಎಲ್‌ಇಯನ್ನು ಸಿಎಫ್‌ಎಸ್‌ಗೆ ಹೋಲಿಸಲು ಫ್ರೀಬಿಎಸ್‌ಡಿಯ ಆ ಶೆಡ್ಯೂಲರನ್ನೇ ಲಿನಕ್ಸ್‌ಗೆ ತಂದು ಕೂರಿಸಿತು. ಶ್ರಮದ ಕೆಲಸ, ಆದರೆ ಸರಿಯಾದ ದಾರಿ ಅದೇ.

ನಮಗೆ ಈಗ ಸ್ಕೆಡ್-ಎಕ್ಸ್‌ಟ್ ಇದೆ. ಎಸ್‌ಸಿಎಕ್ಸ್-ರಸ್ಟಿ, ಎಸ್‌ಸಿಎಕ್ಸ್-ಲಾವ್ಡ್, ಎಸ್‌ಸಿಎಕ್ಸ್-ಬಿಪಿಎಫ್‌ಲ್ಯಾಂಡ್ ಇವುಗಳಲ್ಲಿ ಯಾವುದನ್ನು ಚಾಲೂ ಮಾಡಿದರೂ ಅದೇ ಕರ್ನಲ್, ಅದೇ ಬೂಟ್. ನಿಲ್ಲಿಸಿದ ಕೂಡಲೇ ಮೂಲ ಶೆಡ್ಯೂಲರ್ ಮರಳುತ್ತದೆ. ಹೊಸದು ಯಾವುದಾದರೂ ಕೆಲಸವನ್ನು ಓಡಿಸದೆ ಮರೆತುಬಿಟ್ಟರೆ ಕಾವಲುಗಾರ ಟೈಮರ್ ಅದನ್ನು ಕಿತ್ತೊಗೆಯುತ್ತದೆ. ಇಲ್ಲೊಂದು ಅಪಾಯ ಅಡಗಿದೆ: ಪರೀಕ್ಷೆಯ ನಡುವೆ ಹಾಗಾದರೆ ಉಳಿದ ಓಟಗಳೆಲ್ಲ ಮೂಲ ಶೆಡ್ಯೂಲರ್‌ನದ್ದು, ನೀವು ಮಾತ್ರ ಹೊಸದರ ಹೆಸರಲ್ಲಿ ಬರೆದುಕೊಳ್ಳುತ್ತಿರುತ್ತೀರಿ. ಪ್ರತಿ ಓಟದ ಮೊದಲೂ ಕೊನೆಗೂ ಸಿಸ್/ಕರ್ನಲ್/ಸ್ಕೆಡ್-ಎಕ್ಸ್‌ಟ್ ಕೆಳಗಿನ ಸ್ಟೇಟ್ ಫೈಲ್ ಓದಿ ಲಾಗ್‌ಗೆ ಸೇರಿಸಿ.

ಓಟಗಳನ್ನು ‘ಎ’ ಹತ್ತು, ಆಮೇಲೆ ‘ಬಿ’ ಹತ್ತು ಅಂತ ಮಾಡಬೇಡಿ, ಕೋಣೆ ಬಿಸಿಯಾಗುವುದೆಲ್ಲ ‘ಬಿ’ ತಲೆಗೆ ಬರುತ್ತದೆ. ಎ, ಬಿ, ಬಿ, ಎ ಹೀಗೆ ಕಲಸಿ. ಮೊದಲ ಓಟ ಬಿಸಾಡಿ. ಮುಖ್ಯವಾಗಿ, ಪ್ರತಿ ಓಟವನ್ನೂ ಒಂದು ಚುಕ್ಕಿಯಾಗಿ ಬಿಡಿಸಿ. ಎಸ್‌ಎಂಟಿ ಯಂತ್ರದಲ್ಲಿ ಚುಕ್ಕಿಗಳು ಎಷ್ಟೋ ಸಲ ಎರಡು ಗುಂಪಾಗಿ ಬೀಳುತ್ತವೆ, 10ರ ಸುತ್ತ ಒಂದು, 16ರ ಸುತ್ತ ಒಂದು. ಸರಾಸರಿ 13 ಅನ್ನುತ್ತದೆ, ಆದರೆ 13 ಸೆಕೆಂಡಿಗೆ ಮುಗಿದ ಓಟ ಒಂದೂ ಇರುವುದಿಲ್ಲ. ‘ಶೆಡ್ಯೂಲರ್ ಬಿ ಸರಾಸರಿ ಶೇ. 12 ವೇಗ’ ಅನ್ನುವುದಕ್ಕಿಂತ ‘ಎ ಮೂರಕ್ಕೊಂದು ಸಲ ಕೆಟ್ಟ ಜಾಗ ಆರಿಸುತ್ತದೆ, ಬಿ ಅಪರೂಪಕ್ಕೆ’ ಎಂಬ ವಾಕ್ಯದಲ್ಲಿ ಹೆಚ್ಚು ಸತ್ಯವಿದೆ.

ಎಸ್‌ಎಂಟಿ ಆಫ್ ಮಾಡಿ ಹೋಲಿಸುವವರಿಗೆ

2018ರಲ್ಲಿ ಒಂದೇ ಕೋರ್‌ನ ಜೋಡಿ ಥ್ರೆಡ್‌ಗೆ ಗುಟ್ಟು ಸೋರಬಹುದಾದ ಎಲ್1ಟಿಎಫ್ ಎಂಬ ಇಂಟೆಲ್ ಚಿಪ್‌ಗಳ ಭದ್ರತಾ ದೋಷ ಹೊರಬಿದ್ದ ಮೇಲೆ ಲಿನಕ್ಸ್ 4.19ಕ್ಕೆ ಸಿಪಿಯು ಫೋಲ್ಡರ್‌ನ ಎಸ್‌ಎಂಟಿ ಕೆಳಗೆ ಕಂಟ್ರೋಲ್ ಎಂಬ ಫೈಲ್ ಬಂತು. ‘ಆಫ್’ ಬರೆದರೆ ಸಾಕು, ರೀಬೂಟ್ ಬೇಡ. ಅದೇ ವರ್ಷ ಓಪನ್‌ಬಿಎಸ್‌ಡಿ ಹೈಪರ್-ಥ್ರೆಡಿಂಗನ್ನು ತಾನಾಗಿಯೇ ಆರಿಸಿಟ್ಟಿತು, ಬೇಕಾದವರು ಹಾಕಿಕೊಳ್ಳಲಿ ಅಂತ. ಲಿನಕ್ಸ್ 5.14ರ ಕೋರ್ ಶೆಡ್ಯೂಲಿಂಗ್ ನಡುದಾರಿ ಹಿಡಿಯಿತು: ಪರಸ್ಪರ ನಂಬುವವರು ಮಾತ್ರ ಒಂದೇ ಕೋರ್‌ನಲ್ಲಿ.

ಆಫ್ ಮಾಡಿ ಅಳೆಯುವಾಗ ಎರಡು ಸಂಗತಿ ತಿಳಿಯದಂತೆ ಬದಲಾಗುತ್ತವೆ. ಎನ್‌ಪ್ರಾಕ್ ಕಮಾಂಡ್ ಹೇಳುವ ಸಿಪಿಯುಗಳ ಸಂಖ್ಯೆ ಅರ್ಧವಾಗುತ್ತದೆ, ಅದನ್ನು ನೋಡಿ ಥ್ರೆಡ್ ಹುಟ್ಟಿಸುವ ಪ್ರೋಗ್ರಾಂಗಳೆಲ್ಲ ಅರ್ಧ ಥ್ರೆಡ್ ಹುಟ್ಟಿಸುತ್ತವೆ. ಹಾಗಾಗಿ ಸಂಖ್ಯೆಯನ್ನು ನೀವೇ ಬರೆದು ಕೊಡಿ. ಇನ್ನೊಂದು ಹೆಚ್ಚು ಜನ ಗಮನಿಸದ್ದು: ಇಇವಿಡಿಎಫ್‌ನ ಮೂಲ ಸಮಯದ ತುಣುಕು ಆನ್‌ಲೈನ್ ಸಿಪಿಯುಗಳ ಸಂಖ್ಯೆಗೆ ತಕ್ಕಂತೆ ಹಿಗ್ಗುತ್ತದೆ, ಎಂಟು ಸಿಪಿಯುಗಳವರೆಗೆ. 4 ಕೋರ್, 8 ಥ್ರೆಡ್‌ನ ಲ್ಯಾಪ್‌ಟಾಪ್‌ನಲ್ಲಿ 6.6 ಕರ್ನಲ್ ಹಾಕಿದ್ದರೆ ತುಣುಕು 3 ಮಿಲಿಸೆಕೆಂಡ್. ಎಸ್‌ಎಂಟಿ ಆಫ್ ಮಾಡಿದ ಕ್ಷಣ 2.25ಕ್ಕೆ ಇಳಿಯುತ್ತದೆ. ನೀವು ಹಾರ್ಡ್‌ವೇರ್ ಒಂದನ್ನೇ ಬದಲಿಸಿದೆವು ಅಂದುಕೊಂಡಿರುತ್ತೀರಿ, ಶೆಡ್ಯೂಲರ್ ಕೂಡ ಬದಲಾಗಿರುತ್ತದೆ. ಡೀಬಗ್‌ಎಫ್‌ಎಸ್‌ನ ಸ್ಕೆಡ್ ಫೋಲ್ಡರ್‌ನಲ್ಲಿರುವ ಬೇಸ್-ಸ್ಲೈಸ್-ಎನ್‌ಎಸ್ ಫೈಲ್‌ಗೆ ಎರಡೂ ಸಲ ಒಂದೇ ಮೌಲ್ಯ ಬರೆದು, ಆಮೇಲೆ ಓಟ ಶುರು ಮಾಡಿ.